ಎಲ್ಲರ ಉಸಿರೂ ಹದಿನೆಂಟೇ?

‘ಮಾನಿಟರ್ ಬಂದ ಮೇಲೆ ನರ್ಸ್‌ಗೆ ಅಷ್ಟೆಲ್ಲ ವೈದ್ಯಶಾಸ್ತ್ರ ಯಾಕೆ? ನಗುನಗುತ್ತಾ ಮಾತಾಡಿಸಿದರೆ ಸಾಕು’ ಎಂಬ ಮಾತು ಈಗ ಓದಿಕೊಂಡವರ ಬಾಯಲ್ಲೇ ಕೇಳಿಬರುತ್ತದೆ. ನನಗಿದು ಶುದ್ಧ ಅವಿವೇಕವಾಗಿ ಕಾಣುತ್ತದೆ. ಯಂತ್ರ ಅಂಕಿ ತೋರಿಸುತ್ತದೆ, ಸರಿ. ಎದುರಿಗಿರುವ ರೋಗಿಯಲ್ಲಿ ಆ ಅಂಕಿಗೆ ಏನರ್ಥ ಎಂದು ತಿಳಿಯಲು ರೋಗದ ಪರಿಚಯ ಬೇಕೇಬೇಕು.

ಉಸಿರಾಟವನ್ನೇ ನೋಡಿ. ವಿಶ್ರಾಂತಿಯಲ್ಲಿರುವ ವಯಸ್ಕರು ನಿಮಿಷಕ್ಕೆ ಸಾಮಾನ್ಯವಾಗಿ 12ರಿಂದ 20 ಸಲ ಉಸಿರಾಡುತ್ತಾರೆ. ಹೇಳಿ ಎಣಿಸಿದರೆ ರೋಗಿಯ ಉಸಿರಿನ ಲಯವೇ ಬದಲಾಗುತ್ತದೆಂದು ಪಳಗಿದ ಸಿಸ್ಟರ್ ನಾಡಿ ಹಿಡಿದಂತೆ ನಟಿಸುತ್ತಾ ಎದೆಯ ಏರಿಳಿತ ನೋಡುತ್ತಾರೆ. ಆದರೆ ಎಷ್ಟೋ ಕೇಸ್‌ಶೀಟುಗಳಲ್ಲಿ ವಾರ್ಡಿಗೆ ವಾರ್ಡೇ ನಿಮಿಷಕ್ಕೆ ಸರಿಯಾಗಿ 18 ಸಲ ಉಸಿರಾಡುತ್ತಿರುತ್ತದೆ!

ಇನ್ಸುಲಿನ್ ಬಿಟ್ಟ ಸಕ್ಕರೆ ಕಾಯಿಲೆಯ ಹುಡುಗನೊಬ್ಬ ವಾಂತಿ, ಹೊಟ್ಟೆನೋವು ಎಂದು ಬಂದ ಅಂದುಕೊಳ್ಳಿ. ಬೆರಳಿನ ಆಕ್ಸಿಮೀಟರ್ 98 ತೋರಿಸುತ್ತದೆ. ಅದು ಸುಳ್ಳಲ್ಲ, ಅವನ ಶ್ವಾಸಕೋಶ ಚೆನ್ನಾಗಿಯೇ ಇದೆ. ಕೆಟ್ಟಿರುವುದು ರಕ್ತ. ಕೀಟೋನ್ ಹೆಚ್ಚಾಗಿ ರಕ್ತ ಆಮ್ಲೀಯವಾಗಿದೆ; ಅದನ್ನು ಸರಿದೂಗಿಸಲು ದೇಹ ಇಂಗಾಲದ ಡೈಆಕ್ಸೈಡನ್ನು ಹೊರಗೆ ತಳ್ಳುತ್ತಾ ಆಳವಾಗಿ, ಬಿರುಸಾಗಿ ಉಸಿರಾಡುತ್ತಿದೆ. ಬಾಯಲ್ಲಿ ಕಳಿತ ಹಣ್ಣಿನ ವಾಸನೆ. ಬಲ್ಲ ನರ್ಸ್ ಗ್ಲೂಕೋಸ್, ಕೀಟೋನ್ ಪರೀಕ್ಷಿಸಿ ಡಾಕ್ಟರನ್ನು ಓಡಿಬರುವಂತೆ ಮಾಡುತ್ತಾರೆ. ಅರಿಯದವರು ಗ್ಯಾಸ್ಟ್ರಿಕ್ ಅಂದುಕೊಂಡು 18 ಎಂದು ಬರೆಯುತ್ತಾರೆ.

ನರ್ಸ್‌ನ ಅನಿಸಿಕೆಗಿಂತ, ಉಸಿರು, ನಾಡಿ ಮುಂತಾದವಕ್ಕೆ ಅಂಕ ಕೊಟ್ಟು ಕೂಡಿಸುವ ಪಟ್ಟಿ ವಾಸಿ ಎನ್ನುವವರ ವಾದಕ್ಕೆ ತೂಕವಿದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಇಂಥ ಪಟ್ಟಿಯೊಂದನ್ನು ತಂದಿತು. ಉಸಿರು 25 ಮುಟ್ಟಿದರೆ ಅದೊಂದಕ್ಕೇ 3 ಅಂಕ, ಒಟ್ಟು 7 ಆದರೆ ತುರ್ತು. ರಾತ್ರಿ ಎರಡು ಗಂಟೆಗೆ ಡಾಕ್ಟರನ್ನು ಎಬ್ಬಿಸಲು ಹೊಸ ನರ್ಸ್‌ಗೆ ‘ಯಾಕೋ ಸರಿಯಿಲ್ಲ ಸಾರ್’ ಎನ್ನುವುದಕ್ಕಿಂತ ‘ಸ್ಕೋರ್ ಏಳು’ ಎನ್ನುವುದು ಸುಲಭ. ಒಪ್ಪಿದೆ. ಆದರೆ ಎಣಿಸದೆ ಬರೆದ ಉಸಿರನ್ನು ಕೂಡಿಸಿದರೆ ಮೊತ್ತವೂ ಸುಳ್ಳೇ. ಬಿಪಿಗೆಂದು, ನಾಡಿಯ ವೇಗವನ್ನೂ ತಗ್ಗಿಸುವ ಅಟೆನೊಲಾಲ್ ನುಂಗುವ ಅಜ್ಜಿಗೆ ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ನಾಡಿ ಏರದೇ ಇರಬಹುದು. ಪಟ್ಟಿ ಅವಳ ಮಾತ್ರೆ ಡಬ್ಬಿಯನ್ನು ತೆರೆದು ನೋಡುವುದಿಲ್ಲ.

ಹೆಚ್ಚು ಕಲಿತ ನರ್ಸ್ ಡಾಕ್ಟರ ಮಾತು ಕೇಳುವುದಿಲ್ಲ ಎಂದು ಹೆದರುವವರಿಗೆ ರೋಗಿಗಿಂತ ತಮ್ಮ ಕುರ್ಚಿ ದೊಡ್ಡದು.

ಇಷ್ಟಾಗಿ, ಒಂದು ಪಾಳಿಯಲ್ಲಿ ಒಬ್ಬರಿಗೇ ಇಡೀ ವಾರ್ಡು ಒಪ್ಪಿಸಿ, ಅವರಿಂದಲೇ ರಿಜಿಸ್ಟರನ್ನೂ ತುಂಬಿಸಿದರೆ 18 ಬರೆಯದೆ ಇನ್ನೇನು ಮಾಡಿಯಾರು? ಆಡಳಿತ ಮಂಡಳಿಯವರೇ, ಮುಂದಿನ ಮಾನಿಟರಿಗೆ ಸಹಿ ಹಾಕುವ ಮೊದಲು ರಾತ್ರಿ ಪಾಳಿಗೆ ಇನ್ನೊಬ್ಬ ನರ್ಸನ್ನು ನೇಮಿಸಿ.