ಕೊಣಾಜೆಯ ಗಣಿತ, ದೇರಳಕಟ್ಟೆಯ ವೈದ್ಯ: ಒಂದೇ ತಕ್ಕಡಿ ಬೇಡ

ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಗಣಿತ ವಿಭಾಗವಿದೆ, ಕನ್ನಡ ವಿಭಾಗವಿದೆ. ಅಲ್ಲಿಂದ ಕೆಲವೇ ಕಿಲೋಮೀಟರ್ ಇಳಿದರೆ ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳು. ಇಲ್ಲಿನ ಅಧ್ಯಾಪಕರೆಲ್ಲರ ಸಂಶೋಧನೆಯನ್ನು ಎಚ್-ಇಂಡೆಕ್ಸ್ (ತಲಾ ಕನಿಷ್ಠ ಹತ್ತು ಸಲ ಉಲ್ಲೇಖಗೊಂಡ ಹತ್ತು ಪ್ರಬಂಧಗಳಿದ್ದರೆ ಹತ್ತು) ಎಂಬ ಒಂದೇ ಅಂಕೆಯಲ್ಲಿ ಅಳೆಯಬೇಕು ಎನ್ನುವವರಿಗೆ ಈ ಉತ್ತರ.

ಒಳ್ಳೆಯ ಕೆಲಸಕ್ಕೆ ಯಾವ ವಿಷಯದಲ್ಲಾದರೂ ಸೈಟೇಶನ್ (ಬೇರೆ ಪ್ರಬಂಧಗಳಲ್ಲಿ ಉಲ್ಲೇಖ) ಬಂದೇ ಬರುತ್ತದೆ ಎನ್ನುತ್ತಾರೆ. ಬರುತ್ತದೆ ನಿಜ. ಆದರೆ ಎಷ್ಟು ಬರುತ್ತದೆ, ಎಷ್ಟು ಬೇಗ ಬರುತ್ತದೆ ಎಂಬುದು ಆಯಾ ವಿಷಯದ ರೂಢಿಗೆ ಬಿಟ್ಟದ್ದು. ಗಣಿತದ ಪ್ರಬಂಧದಲ್ಲಿ ಉಲ್ಲೇಖಗಳು ಕಡಿಮೆ, ಅದರಲ್ಲೂ ಹಳೆಯ ಪ್ರಬಂಧಗಳೇ ಹೆಚ್ಚು. ವೈದ್ಯವಿಜ್ಞಾನದಲ್ಲಿ ಪಟ್ಟಿ ಉದ್ದ, ಒತ್ತು ಹೊಸದಕ್ಕೆ. ಪತ್ರಿಕೆಯೊಂದರ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖ ಬಂತೆಂದು ಹೇಳುವ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕುವುದು ಹಿಂದಿನ ಎರಡೇ ವರ್ಷಗಳ ಪ್ರಬಂಧಗಳ ಮೇಲೆ. ಹೀಗಾಗಿ ಗಣಿತದ ಅತ್ಯುನ್ನತ ಪತ್ರಿಕೆಗಳಲ್ಲೊಂದಾದ ‘ಅನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ನ ಅಂಕೆ ಐದರ ಆಸುಪಾಸಿನಲ್ಲಿ ನಿಂತರೆ, ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನದು 70 ದಾಟುತ್ತದೆ. ಯುಜಿಸಿಯ 2018ರ ನಿಯಮಾವಳಿ ಅಧ್ಯಾಪಕರ ಪ್ರಬಂಧವೊಂದಕ್ಕೆ, ಅದು ಬಂದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ 2ರಿಂದ 5ರ ಒಳಗಿದ್ದರೆ 20 ಅಂಕ, 5ರಿಂದ 10ಕ್ಕೆ 25, ಹತ್ತು ದಾಟಿದರೆ 30 ಎಂದಿತು. ಅನಲ್ಸ್‌ನಲ್ಲಿ ಬರೆಯಲು ಹತ್ತು ವರ್ಷ ದುಡಿದವರು ಆ ಮೂವತ್ತನ್ನು ಮುಟ್ಟುವಂತಿಲ್ಲ. ಇದು ಅನ್ಯಾಯ. ಎಚ್-ಇಂಡೆಕ್ಸ್‌ನ ಕಥೆಯೂ ಇದೇ. 2005ರಲ್ಲಿ ಅದನ್ನು ರೂಪಿಸಿದ ಭೌತವಿಜ್ಞಾನಿ ಹಿರ್ಷ್ ಅವರೇ ಜೀವವಿಜ್ಞಾನಿಗಳ ಅಂಕೆ ಭೌತವಿಜ್ಞಾನಿಗಳದಕ್ಕಿಂತ ಎತ್ತರವಿರುವುದನ್ನು ಅದನ್ನು ಮಂಡಿಸಿದ ಪ್ರಬಂಧದಲ್ಲೇ ತೋರಿಸಿದ್ದರು.

ಪತ್ರಿಕೆಯ ಅಂಕೆ ಲೇಖಕನ ಗುಣಮಟ್ಟಕ್ಕೆ ಸಾಕ್ಷಿ ಎಂಬುದು ಇನ್ನೊಂದು ವಾದ. 2008ರಲ್ಲಿ ಜಾರ್ಜ್ ಶೆಲ್ಡ್ರಿಕ್ ಹರಳುಗಳ ರಚನೆ ಬಿಡಿಸುವ ‘ಶೆಲ್‌ಎಕ್ಸ್’ ತಂತ್ರಾಂಶದ ಕುರಿತು ಒಂದು ಪ್ರಬಂಧ ಬರೆದರು. ಆ ತಂತ್ರಾಂಶವನ್ನು ಬಳಸಿದವರು ಆ ಪ್ರಬಂಧವನ್ನು ಉಲ್ಲೇಖಿಸಿದರು. ಅದು ಪ್ರಕಟವಾದ ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ಎರಡರ ಸುತ್ತ ಇದ್ದದ್ದು 2009ರಲ್ಲಿ 49.9ಕ್ಕೆ ಜಿಗಿಯಿತು. ಅದೇ ಪತ್ರಿಕೆಯಲ್ಲಿ ಬರೆದ ಉಳಿದವರ ಕೆಲಸ ಒಂದೇ ವರ್ಷದಲ್ಲಿ ಇಪ್ಪತ್ತು ಪಟ್ಟು ಉತ್ತಮವಾಯಿತೇ?

ಸ್ಟ್ಯಾನ್‌ಫರ್ಡ್‌ನ ‘ಶೇ 2’ ಪಟ್ಟಿಯನ್ನು, ಅಂದರೆ ಜಗತ್ತಿನ ಅಗ್ರ ವಿಜ್ಞಾನಿಗಳ ಪಟ್ಟಿಯನ್ನು, ತೋರಿಸುವವರೂ ಇದ್ದಾರೆ. ಪ್ರತಿವರ್ಷ ನಮ್ಮ ದಿನಪತ್ರಿಕೆಗಳಲ್ಲಿ ಆ ಸುದ್ದಿ ಬರುತ್ತದೆ, ಅಲ್ಲಿ ಹೆಸರಿರುವವರ ಶ್ರಮಕ್ಕೆ ನನ್ನ ಗೌರವವಿದೆ. ಆದರೆ ಜಾನ್ ಅಯೊನಿಡಿಸ್ ತಂಡ ಆ ಪಟ್ಟಿಯಲ್ಲಿ ವಿಜ್ಞಾನಿಗಳನ್ನು 22 ಕ್ಷೇತ್ರ, 174 ಉಪಕ್ಷೇತ್ರಗಳಾಗಿ ವಿಂಗಡಿಸಿದೆ, ಸ್ವಂತ ಉಲ್ಲೇಖಗಳನ್ನು ಕಳೆದ ಲೆಕ್ಕವನ್ನೂ ಬೇರೆಯಾಗಿ ಕೊಟ್ಟಿದೆ. ಎಲ್ಲರಿಗೂ ಒಂದೇ ಅಳತೆ ಎಂಬ ವಾದಕ್ಕೆ ಆ ಪಟ್ಟಿ ಆಸರೆಯಾಗುವುದಿಲ್ಲ. ಸಾಲದ್ದಕ್ಕೆ ಅದರ ಆಧಾರ ಸ್ಕೋಪಸ್ ಎಂಬ ಉಲ್ಲೇಖಗಳ ದತ್ತಕೋಶ. ಕನ್ನಡ, ತುಳು ಅಧ್ಯಯನದ ಬಹುಪಾಲು ಕೃತಿಗಳು ಆ ಕೋಶದ ಹೊರಗೇ ಉಳಿದಿವೆ. ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಉಡುಪಿಯಿಂದ 1988–97ರ ನಡುವೆ ಹೊರಬಂದ ಆರು ಸಂಪುಟಗಳ ತುಳು ನಿಘಂಟನ್ನೇ ನೋಡಿ. ತುಳುವಿನ ಬಗ್ಗೆ ಗಂಭೀರವಾಗಿ ಬರೆಯುವವರಿಗೆ ಅದಿಲ್ಲದೆ ನಡೆಯದು. ಎಚ್-ಇಂಡೆಕ್ಸ್ ಲೆಕ್ಕದಲ್ಲಿ ಆರು ಸಂಪುಟಗಳಿಂದ ಹೆಚ್ಚೆಂದರೆ ಆರು ಸಿಗುತ್ತದೆ, ಉಲ್ಲೇಖಿಸಿದವರು ಸಾವಿರ ಮಂದಿಯಾದರೂ ಅಷ್ಟೇ.

ಅಂಕೆ ಬಿಟ್ಟರೆ ಶಿಫಾರಸು, ಜಾತಿ, ಪರಿಚಯಗಳದೇ ದರ್ಬಾರು ಎಂಬ ಮಾತನ್ನು ಮಾತ್ರ ನಾನು ತಳ್ಳಿಹಾಕಲಾರೆ. ಈ ಭಯಕ್ಕೆ ಕಾರಣವಿದೆ. ಯಾರ ಪರಿಚಯವೂ ಇಲ್ಲದ ಹಳ್ಳಿಯ ಹುಡುಗಿಗೆ ಅಂಕೆಯೇ ಆಸರೆಯಾದೀತು. ಹಾಗಾದರೆ ಅಂಕೆ ಇರಲಿ, ಸರಿಯಾದ ಅಂಕೆ ಇರಲಿ. ಒಂದು ಪ್ರಬಂಧಕ್ಕೆ ಬಂದ ಸೈಟೇಶನ್‌ಗಳನ್ನು ಅದೇ ವಿಷಯದ, ಅದೇ ವರ್ಷದ ಪ್ರಬಂಧಗಳ ಸರಾಸರಿಯಿಂದ ಭಾಗಿಸಿ. ಹೀಗೆ ಭಾಗಿಸಿದಾಗ ಬೇರೆ ಬೇರೆ ವಿಷಯಗಳ ಹಂಚಿಕೆಗಳು ಬಹುಮಟ್ಟಿಗೆ ಒಂದೇ ಆಕಾರಕ್ಕೆ ಬರುತ್ತವೆ ಎಂದು ರಡಿಕಿ, ಫೋರ್ಟುನಾಟೊ, ಕಾಸ್ಟೆಲಾನೊ 2008ರಲ್ಲೇ ತೋರಿಸಿದ್ದಾರೆ. ಲೇಖಕರ ಸಂಖ್ಯೆಯನ್ನೂ ಗಮನಿಸಬೇಕು. ಹಿಗ್ಸ್ ಬೋಸಾನ್‌ನ ದ್ರವ್ಯರಾಶಿ ಕುರಿತ 2015ರ ಪ್ರಬಂಧಕ್ಕೆ ಐದು ಸಾವಿರಕ್ಕೂ ಹೆಚ್ಚು ಲೇಖಕರಿದ್ದಾರೆ, ಎಚ್-ಇಂಡೆಕ್ಸ್ ಅವರೆಲ್ಲರಿಗೂ ಅದನ್ನು ಇಡಿಯಾಗಿ ಜಮೆ ಮಾಡುತ್ತದೆ.

ಆಯ್ಕೆ ಸಮಿತಿಗೆ ಪ್ರಬಂಧಗಳನ್ನು ಓದಲು ಪುರುಸೊತ್ತಿಲ್ಲ ಎನ್ನುವುದು ಕೊನೆಯ ವಾದ. ಅರ್ಜಿದಾರರು ತಮ್ಮ ಅತ್ಯುತ್ತಮ ಐದು ಪ್ರಬಂಧಗಳನ್ನಷ್ಟೇ ಕೊಡಲಿ, ಪ್ರತಿಯೊಂದರಲ್ಲಿ ತಾವು ಮಾಡಿದ್ದೇನು ಎಂಬುದನ್ನು ಬರೆದುಕೊಡಲಿ. ಆ ವಿಷಯ ಬಲ್ಲ ಇಬ್ಬರು ಹೊರಗಿನವರು ಓದಿ ಕಾರಣಸಹಿತ ಲಿಖಿತ ಅಭಿಪ್ರಾಯ ಕೊಡಲಿ, ಅರ್ಜಿದಾರರು ಕೇಳಿದರೆ ಅದು ಅವರ ಕೈಗೂ ಸಿಗಲಿ. ಮೂವತ್ತು ವರ್ಷ ಪಾಠ ಹೇಳುವವರನ್ನು ಆರಿಸುವ ಸಮಿತಿ ಇಷ್ಟು ಓದಲೇಬೇಕು.