ಶಾಲೆಯ ಅಂಗಳದಲ್ಲಿ ಗಸಗಸೆ ಹಣ್ಣಿನ ಮರ

ಶಾಲೆಯ ಅಂಗಳದಲ್ಲಿ ನೆಡತಕ್ಕ ಮರವು ನೋಟಕ್ಕೆ ಚೆಲುವಾಗಿದ್ದರೆ ಸಾಲದು. ಅದರ ಹಣ್ಣು ಮಕ್ಕಳ ಕೈಗೆ ಎಟುಕುವಂತಿರಬೇಕೆಂಬುದು ನಮ್ಮ ಅಭಿಪ್ರಾಯವು. ಕಸ ಬೀಳುವುದೆಂಬ ನೆವದಿಂದ ಹಣ್ಣಿನ ಮರಗಳನ್ನು ಕಡಿದು, ಅಂಗಳಕ್ಕೆ ಕಲ್ಲು ಹಾಸಿ, ಬರಿಯ ಹೂವಿನ ಗಿಡಗಳನ್ನು ಸಾಲಾಗಿ ನಿಲ್ಲಿಸುವ ವಾಡಿಕೆಯು ಅಲ್ಲಲ್ಲಿ ಕಾಣಬರುವುದರಿಂದ, ಈ ವಿಷಯವನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ತಾಯಿತಂದೆಗಳ ಮುಂದೆ ಇಡಲಿಚ್ಛಿಸುತ್ತೇವೆ.

ಚೆಲುವಿನ ಮರವೆಂದೊಡನೆ ಅನೇಕರಿಗೆ ಜಪಾನಿನ ಚೆರಿಯು ನೆನಪಾಗುವುದು. 1912ರಲ್ಲಿ ಟೋಕಿಯೋ ನಗರವು ವಾಷಿಂಗ್ಟನ್ ನಗರಕ್ಕೆ 3,020 ಚೆರಿ ಗಿಡಗಳನ್ನು ಕಾಣಿಕೆಯಾಗಿ ಕಳುಹಿಸಿತು. ಅವು ಹೂವಿಗೋಸ್ಕರವೇ ಬೆಳೆಸಿದ ಜಾತಿಗಳು. ತಿನ್ನುವ ಚೆರಿಯಾದರೋ ಕಾಶ್ಮೀರದಂಥ ಶೀತಪ್ರದೇಶದ ಬೆಳೆ. ದೀರ್ಘವಾದ ಚಳಿಯಿಲ್ಲದೆ ಅದು ಸರಿಯಾಗಿ ಫಲಿಸದು. ಬೆಂಗಳೂರಿನಲ್ಲಿ ಕೆಲವರು ಚೆರಿ ಹೂವೆಂದು ಮೆಚ್ಚುವ ನಸುಗೆಂಪು ಹೂವಿನ ಮರವು ಟಬೆಬುಯಾ. ಅದು ಚೆರಿಯೂ ಅಲ್ಲ, ಅದರಲ್ಲಿ ತಿನ್ನತಕ್ಕ ಹಣ್ಣೂ ಇಲ್ಲ.

ನಮ್ಮ ಸೀಮೆಗೆ ಒಪ್ಪುವ ಚೆರಿ ಯಾವುದೆಂದು ಕೇಳಿದರೆ, ಗಸಗಸೆ ಹಣ್ಣಿನ ಮರವೆಂದು ಹೇಳುವೆವು. ಇದಕ್ಕೆ ಸಿಂಗಾಪುರ ಚೆರಿ ಎಂತಲೂ ಹೆಸರುಂಟು. ಕುಲದಲ್ಲಿ ಇದು ಚೆರಿಯೂ ಅಲ್ಲ, ಗಸಗಸೆಯೂ ಅಲ್ಲ. ಇದರ ತವರು ಅಮೆರಿಕಾ ಖಂಡದ ಉಷ್ಣಪ್ರದೇಶವು. ಹಣ್ಣಿನೊಳಗಿನ ಸಾವಿರಾರು ಸಣ್ಣ ಬೀಜಗಳಿಂದಲೇ ಇದಕ್ಕೆ ಗಸಗಸೆಯ ಹೆಸರು ಬಂದಿತು. ಅಡ್ಡವಾಗಿ ಚಾಚಿದ ಕೊಂಬೆಗಳು, ಐದೆಸಳಿನ ಬಿಳಿಯ ಹೂಗಳು, ಎಲೆಯ ಮರೆಯಲ್ಲಿ ತೂಗುವ ಕೆಂಪು ಹಣ್ಣುಗಳು, ವರುಷದ ಬಹುಭಾಗವೂ ನೆರಳು—ಇಷ್ಟು ಗುಣಗಳು ಒಂದೇ ಮರದಲ್ಲಿ ದೊರೆಯುವುದು ಅಪರೂಪ.

ಬೆಳೆಸುವ ಕ್ರಮವೂ ಸುಲಭ. ಕಳಿತ ಹಣ್ಣನ್ನು ನೀರಿನಲ್ಲಿ ಹಿಸುಕಿ, ಬೀಜವನ್ನು ಸಣ್ಣ ಮರಳಿನೊಡನೆ ಬೆರಸಿ, ಕುಂಡದ ಮಣ್ಣಿನ ಮೇಲೆ ಉದುರಿಸಬೇಕು. ಮೊಳೆಯುವುದಕ್ಕೆ ಬೆಳಕು ಬೇಕಾದ್ದರಿಂದ ಮೇಲೆ ಮಣ್ಣು ಮುಚ್ಚಬಾರದು. ಸಸಿಗಳನ್ನು ಮಳೆಗಾಲದಲ್ಲಿ ಬಿಸಿಲು ಬೀಳುವ ತಾಣಕ್ಕೆ ಕಿತ್ತು ನಟ್ಟರೆ, ಬಡ ಮಣ್ಣಿನಲ್ಲಿಯೂ ಸುಮಾರು ಎರಡು ವರುಷಗಳಲ್ಲಿ ಹಣ್ಣು ಕಾಣಬಹುದು.

ಆಕ್ಷೇಪಣೆಗಳಿಲ್ಲವೆಂದಲ್ಲ. ಕೊಂಬೆಗಳು ಪೆಡಸು, ಆದಕಾರಣ ಕಟ್ಟಡದಿಂದ ದೂರದಲ್ಲಿ ನೆಟ್ಟು, ಆಗಾಗ್ಗೆ ಸವರಿ ತಗ್ಗಾಗಿಡಬೇಕು, ಮಕ್ಕಳು ಹತ್ತದಂತೆಯೂ ನೋಡಿಕೊಳ್ಳಬೇಕು. ರಾತ್ರಿ ಬಾವಲಿಗಳು ಬರುವುವು. ಹಕ್ಕಿಗಳು ಬೀಜವನ್ನು ಗೋಡೆಯ ಬಿರುಕಿನಲ್ಲಿ ಸಹ ಬಿತ್ತುವುವು. ಅಂಥ ಸಸಿಗಳನ್ನು ಎಳೆಯದರಲ್ಲಿಯೇ ಕೀಳತಕ್ಕದ್ದು. ಕಾಡಿನಂಚಿನಲ್ಲಿ ಈ ಪರದೇಶದ ಮರವನ್ನು ನೆಡದಿರುವುದೇ ಲೇಸು. ನೆಲಕ್ಕೆ ಬಿದ್ದ ಹಣ್ಣನ್ನು ಗುಡಿಸುವ ಕೆಲಸವೂ ದಿನಕ್ಕೊಂದಿಷ್ಟು ಉಂಟು. ಆದರೆ ಗುಡಿಸುವ ಶ್ರಮಕ್ಕೆ ಅಂಜಿ ಮರವನ್ನೇ ಬೇಡವೆನ್ನುವುದು ವಿವೇಕವೆ?

ನಾವು ಮುಖ್ಯವಾಗಿ ಹೇಳಬೇಕಾದ ಮಾತು ಇದು. ಗಸಗಸೆ ಹಣ್ಣು ಬಹು ಮೆದು. ದೂರ ಸಾಗಿಸಿದರೆ ಜಜ್ಜಿಹೋಗುವುದು. ಅದರಿಂದಲೇ ಅಂಗಡಿಯಲ್ಲಿ ಇದು ದೊರೆಯುವುದು ವಿರಳ. ಸಿರಿವಂತರ ಮಗಳಾಗಲಿ ಬಡವರ ಮಗಳಾಗಲಿ, ಯಾರೋ ನೆಟ್ಟ ಮರದಡಿಯಲ್ಲಿ ನಿಂತಲ್ಲದೆ ಅದರ ಸವಿಯನ್ನು ಅರಿಯಲಾರಳು. ಮನೆಗೆ ಹಿತ್ತಲೇ ಇಲ್ಲದ ಪಟ್ಟಣದ ಬಾಲಿಕೆಗೆ ಆ ಸವಿಯನ್ನು ಕೊಡಬಲ್ಲುದು ಶಾಲೆಯ ಅಂಗಳವೊಂದೇ. ಒಂದು ಹಣ್ಣನ್ನು ಗೆಳತಿಯೊಡನೆ ಹಂಚಿಕೊಳ್ಳುವುದನ್ನೂ, ಪಿಕಳಾರ ಕೋಗಿಲೆಗಳಿಗೆ ಅವುಗಳ ಪಾಲನ್ನು ಬಿಡುವುದನ್ನೂ ಅವಳು ಅಲ್ಲಿ ಪಾಠವಿಲ್ಲದೆಯೇ ಕಲಿಯುವಳು.

ಆದುದರಿಂದ ಹಳೆಯ ವಿದ್ಯಾರ್ಥಿನಿಯರು ತಮ್ಮ ಶಾಲೆಗೆ ಕಾಣಿಕೆ ಕೊಡಬೇಕೆಂದು ಯೋಚಿಸುವಾಗ, ಗಡಿಯಾರ ಬೀರುಗಳ ಜೊತೆಗೆ ಒಂದು ಸಸಿಯನ್ನೂ ನೆನೆಯಲಿ; ತಾಯಿತಂದೆಗಳು, ಲಂಗಕ್ಕೆ ಹತ್ತಿದ ಹಣ್ಣಿನ ಕಲೆಯನ್ನು ಕಂಡು ಮುನಿಯದಿರಲಿ ಎಂದು ಬೇಡುತ್ತೇವೆ.