ಚೆನ್ನಾಗಿ ಓಡ್ತಿದೆ, ಮುಟ್ಬೇಡ

ಆಫೀಸಿನಲ್ಲಿ ನಾವು ಆಗಾಗ ಹೇಳೋ ಮಾತೊಂದಿದೆ: ‘ಕೆಲಸ ಮಾಡ್ತಿರೋ ಕೋಡನ್ನ ಮುಟ್ಬೇಡ.’ ಜನವರಿಯಲ್ಲಿ ಊರಿಗೆ ಹೋದಾಗ ಹೆಚ್ಚುಕಮ್ಮಿ ಅದೇ ಮಾತು ಅಪ್ಪನ ಬಾಯಲ್ಲಿ ಬಂತು. ಅವರು ಹೇಳಿದ್ದು ಕಾರಿನ ಬಗ್ಗೆ.

ನಮ್ಮೂರು ಮಾದಾಪುರ. ಕುಶಾಲನಗರ ದಾಟಿ ಬಂದು ಸುಂಟಿಕೊಪ್ಪದಲ್ಲಿ ಬಲಕ್ಕೆ ತಿರುಗಬೇಕು. ಅಪ್ಪನ ಕಾರು 2007ರ ಮಾಡೆಲ್, ಮ್ಯಾನುಯಲ್ ಗೇರು, ಮೀಟರು 1,64,000 ಕಿ.ಮೀ. ದಾಟಿದೆ. ಅಮ್ಮನನ್ನ ಬಿ.ಪಿ. ಚೆಕಪ್ಪಿಗೆ ಮಡಿಕೇರಿಗೆ ಕರ್ಕೊಂಡು ಹೋಗೋದು ಅದರಲ್ಲೇ. ಹಟ್ಟಿಹೊಳೆ, ಮಕ್ಕಂದೂರು ಕಡೆಯ ತಿರುವುಗಳನ್ನ ನೋಡಿದವರಿಗೆ ಗೊತ್ತು: ಎರಡನೇ ಗೇರು, ಮೂರನೇ ಗೇರು, ಮತ್ತೆ ಎರಡು. ಆ ದಾರೀಲಿ ಗೇರ್‌ಬಾಕ್ಸಿಗೆ ಪುರುಸೊತ್ತೇ ಇಲ್ಲ.

ಬೆಳಿಗ್ಗೆ ಚಳಿಯಲ್ಲಿ ಹಾಲು ತರೋಕೆ ಹೊರಟಾಗ ಎರಡನೇ ಗೇರು ಕರ್ರ್ ಅಂತು.

“ಅಪ್ಪ, ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದು?”

“ಅದನ್ನ ಯಾಕೆ ಬದಲಾಯಿಸ್ಬೇಕು? ಇಂಜಿನ್ ಆಯಿಲ್ ವರ್ಷಾ ವರ್ಷಾ ಹಾಕಿಸ್ತೀನಲ್ಲ. ಚೆನ್ನಾಗಿ ಓಡ್ತಿದೆ, ಮುಟ್ಬೇಡ.”

ಅವರ ಭಯಕ್ಕೆ ಒಂದು ಕಾರಣ ಇತ್ತು. ಪರಿಚಯದವರೊಬ್ಬರು ಒಂದೂವರೆ ಲಕ್ಷ ಓಡಿದ ಕಾರಿಗೆ ಹೊಸ ಎಣ್ಣೆ ಹಾಕಿಸಿದ್ರಂತೆ, ತಿಂಗಳಲ್ಲಿ ಗೇರ್‌ಬಾಕ್ಸೇ ಹೋಯ್ತಂತೆ. ಈ ಕಥೆ ನೀವೂ ಕೇಳಿರ್ತೀರಿ. ನಾನು ಸ್ವಲ್ಪ ಕೆದಕಿದೆ. ಅದು ಆಟೋಮ್ಯಾಟಿಕ್ ಕಾರು. ಅವರು ಎಣ್ಣೆ ಬದಲಾಯಿಸೋಕೆ ಹೋಗಿದ್ದೇ ಗೇರು ಜಾರೋಕೆ ಶುರುವಾದ ಮೇಲೆ. ಅಂದ್ರೆ ಗೇರ್‌ಬಾಕ್ಸು ಆಗಲೇ ಸೋತಿತ್ತು, ಕೆಟ್ಟ ಹೆಸರು ಹೊಸ ಎಣ್ಣೆಗೆ ಬಂತು. ಬಗ್ ಹಳೇದು, ಬೈಗುಳ ಕೊನೇಲಿ ಕೋಡ್ ಮುಟ್ಟಿದವನಿಗೆ. ನಮ್ಮ ಆಫೀಸಿನಲ್ಲೂ ಇದೇ ಕಥೆ.

ಆಟೋಮ್ಯಾಟಿಕ್ ಗೇರ್‌ಬಾಕ್ಸಿನಲ್ಲಿ ಕ್ಲಚ್ ಪ್ಲೇಟುಗಳು ಎಣ್ಣೆಯೊಳಗೇ ಮುಳುಗಿರುತ್ತವೆ. ಅವು ಸವೆದಿದ್ರೆ ಹೊಸ ಎಣ್ಣೆ ಅವನ್ನ ಉಳಿಸಲ್ಲ. ಅಂಥ ಹಳೇ ಕಾರಿಗೆ ಮಷೀನ್ ಇಟ್ಟು ಒತ್ತಡದಲ್ಲಿ ತೊಳೆಸೋ ಬದಲು, ಇಳಿದಷ್ಟನ್ನ ಇಳಿಸಿ ಅಷ್ಟೇ ತುಂಬಿಸೋದು ವಾಸಿ. ನಮ್ಮದು ಮ್ಯಾನುಯಲ್. ಇದರಲ್ಲಿ ಕ್ಲಚ್ ಹೊರಗೆ, ಬೇರೆ ಕಡೆ, ಒಣಗಿರುತ್ತೆ. ಆ ಭಯ ನಮಗೆ ಅನ್ವಯಿಸೋದೇ ಇಲ್ಲ.

ಆದರೆ ಅಪ್ಪ ಈ ಕಾರನ್ನ ಮುಟ್ಟೋಕೆ ಬಿಡದಿರೋದಕ್ಕೆ ಇನ್ನೊಂದು ಕಾರಣ ಇದೆ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜರಿದು ಮಡಿಕೇರಿ ರಸ್ತೆ ಕುಸಿದಾಗ ಅಪ್ಪ, ಅಮ್ಮ, ಅಜ್ಜಿ ಒಂದು ಬ್ಯಾಗ್ ಹಿಡ್ಕೊಂಡು ಹೊರಟಿದ್ದು ಇದರಲ್ಲೇ. ರಸ್ತೆ ಮೇಲೆ ಹರೀತಿದ್ದ ಕೆಸರು ನೀರು ದಾಟಿ ಸುಂಟಿಕೊಪ್ಪ ಮುಟ್ಟಿದ್ರು. ನಾನು ಬೆಂಗಳೂರಲ್ಲಿ ಕೂತು ಫೋನ್ ಮಾಡ್ತಾನೇ ಇದ್ದೆ, ಲೈನ್ ಸಿಗ್ತಿರಲಿಲ್ಲ. ಆಮೇಲಿಂದ ಮಳೆಗಾಲದಲ್ಲಿ ಕಾರು ಯಾವಾಗಲೂ ರಸ್ತೆಗೆ ಮುಖ ಮಾಡಿ ನಿಂತಿರುತ್ತೆ, ಪೆಟ್ರೋಲು ತುಂಬಿರುತ್ತೆ.

“ಅದಕ್ಕೇ ಅಪ್ಪ ಹೇಳ್ತಿರೋದು. ಮುಂದಿನ ಮಳೇಲಿ ರಾತ್ರಿ ಹೊರಡ್ಬೇಕಾಗಿ ಬಂದ್ರೆ?” ಅಂದೆ. ಅವರು ಮಾತಾಡಲಿಲ್ಲ. ಮಾರನೇ ದಿನ ಕಾರಿನ ಕೀ ತಂದು ಮೇಜಿನ ಮೇಲಿಟ್ರು.

ಸುಂಟಿಕೊಪ್ಪದಲ್ಲಿ ನಾವೆಲ್ಲ ‘ಇಕ್ಕ’ ಅಂತ ಕರೆಯೋ ಮೆಕ್ಯಾನಿಕ್ ಒಬ್ಬರಿದ್ದಾರೆ. ಕಾರು ಓಡಿ ಬಂದಿತ್ತು, ಎಣ್ಣೆ ಬೆಚ್ಚಗಿತ್ತು. ಬೆಚ್ಚಗಿದ್ರೇನೇ ಪೂರ್ತಿ ಇಳಿಯೋದು. ಅವರು ಮೊದಲು ಬಿಚ್ಚಿದ್ದು ಎಣ್ಣೆ ತುಂಬೋ ಕಡೆಯ ಬೋಲ್ಟು. ಯಾಕೆ ಅಂದೆ. “ಕೆಳಗಿಂದ ಎಲ್ಲ ಇಳಿಸಿದ ಮೇಲೆ ಇದು ಬಿಚ್ಚಲ್ಲ ಅಂದ್ರೆ ನೀವು ಮನೆಗೆ ನಡ್ಕೊಂಡೇ ಹೋಗ್ಬೇಕು” ಅಂದ್ರು.

ಎಣ್ಣೆ ಕಪ್ಪಗೆ ಇಳೀತು. ಗೇರ್ ಆಯಿಲ್ ಇಂಜಿನ್ ಆಯಿಲ್ ಥರ ಹೊಗೆ, ಮಸಿ ಕುಡಿಯಲ್ಲ, ಅದಕ್ಕೇ ಜಾಸ್ತಿ ದಿನ ಬಾಳುತ್ತೆ. ಹಾಗಂತ ಶಾಶ್ವತ ಅಲ್ಲ. ಹಲ್ಲುಗಳ ಮಧ್ಯೆ ಅರೆದು ಅರೆದು ತೆಳ್ಳಗಾಗುತ್ತೆ, ಲೋಹದ ಪುಡಿ ಸೇರುತ್ತೆ. ನೀರಲ್ಲಿ ಓಡಿಸಿದ್ರೆ ತೇವವೂ ಒಳಗೆ ಹೋಗಬಹುದು, ಆಗ ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುತ್ತೆ. ನನಗೆ ಹೆದರಿಕೆ ಇದ್ದಿದ್ದು ಅದೇ. ಪುಣ್ಯಕ್ಕೆ ಹಾಗಾಗಿರಲಿಲ್ಲ.

ಕೆಳಗಿನ ಬೋಲ್ಟಿನ ತುದಿಯಲ್ಲಿ ಒಂದು ಅಯಸ್ಕಾಂತ. ಅದರ ಮೇಲೆ ಬೂದು ಬಣ್ಣದ ಪೇಸ್ಟು. ಇಕ್ಕ ಅದನ್ನ ಬೆರಳಲ್ಲಿ ಉಜ್ಜಿ ಅಪ್ಪನಿಗೆ ತೋರಿಸಿದ್ರು. “ನೋಡಿ ಅಣ್ಣ, ನುಣ್ಣಗಿದೆ. ಇದು ಸವಕಳಿ, ಆಗೋದೇ. ಚೂರು ಚೂರು ಸಿಕ್ಕಿದ್ರೆ ಹೆದರ್ಬೇಕಿತ್ತು.” ಅಪ್ಪನೂ ಬೆರಳಲ್ಲಿ ಮುಟ್ಟಿ ನೋಡಿದ್ರು. “ಇಷ್ಟೇನಾ?” ಅಂದ್ರು.

ಹೊಸ ಎಣ್ಣೆ ಹಿಡಿದಿದ್ದು ಸುಮಾರು ಎರಡು ಲೀಟರು. ಕಾರಿನ ಪುಸ್ತಕದಲ್ಲಿ ಬರೆದಿದ್ದ ಹಾಗೆ ಜಿಎಲ್-4, 75ಡಬ್ಲ್ಯೂ-90. ಇಲ್ಲೊಂದು ಮಾತು: ಜಿಎಲ್-5 ಅಂದ್ರೆ ನಂಬರು ದೊಡ್ಡದು, ಇನ್ನೂ ಒಳ್ಳೇದಿರಬೇಕು ಅಂತ ಹಾಕಿಸಬೇಡಿ. ಗೇರು ಸಲೀಸಾಗಿ ಬೀಳೋಕೆ ಒಳಗೆ ಹಿತ್ತಾಳೆಯ ಸಿಂಕ್ರೊ ರಿಂಗುಗಳಿರುತ್ತವೆ. ಕೆಲವು ಜಿಎಲ್-5 ಎಣ್ಣೆಗಳಲ್ಲಿರೋ ಗಂಧಕದ ಅಂಶ ಅವನ್ನ ನಿಧಾನಕ್ಕೆ ತಿನ್ನುತ್ತೆ. ನಿಮ್ಮ ಕಾರಿನ ಪುಸ್ತಕ ಏನು ಹೇಳುತ್ತೋ ಅದೇ ಕೊನೇ ಮಾತು.

ಸದ್ದು ಪೂರ್ತಿ ಹೋಯ್ತಾ? ಇಲ್ಲ. ಸವೆದ ರಿಂಗು ಎಣ್ಣೆಯಿಂದ ಮತ್ತೆ ಬೆಳೆಯಲ್ಲ. ಆದರೆ ಚಳಿಯಲ್ಲೂ ಈಗ ಗೇರು ಹಗುರವಾಗಿ ಬೀಳುತ್ತೆ, ಕರ್ರ್ ಅನ್ನೋದು ಅಪರೂಪ.

ನಮ್ಮನೇಲಿ ಮಳೆ ಲೆಕ್ಕದ ಪುಸ್ತಕ ಒಂದಿದೆ. ತೋಟದವರ ಮನೇಲಿ ಇರೋ ಹಾಗೆ, ಯಾವತ್ತು ಎಷ್ಟು ಇಂಚು ಅಂತ ಅಪ್ಪ ಬರೆದಿಡ್ತಾರೆ. ಮೂವತ್ತು ವರ್ಷದ ಮಳೆ ಅದರಲ್ಲಿದೆ. ಗೇರ್ ಆಯಿಲ್ ಯಾವಾಗ ಬದಲಾಯಿಸಿದ್ದು ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ಆ ರಾತ್ರಿ ನೋಡ್ತೀನಿ, ಮಳೆ ಇಲ್ಲದೆ ಖಾಲಿ ಬಿದ್ದಿದ್ದ ಜನವರಿ ಪುಟದಲ್ಲಿ ತಾರೀಕು, ಕಿಲೋಮೀಟರು, ಎಣ್ಣೆಯ ನಂಬರು ಎಲ್ಲ ಬರೆದಿದ್ದಾರೆ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ‘ಮುಂದಿನ ಸಲ 2,10,000ಕ್ಕೆ.’